ಸಮುದ್ರದ ಹತ್ತಿರ ಹೊಸ ಮನೆ: ಫೈಬರ್ ರಾಡ್, ಎಎಸಿ, ರೆಡಿಮಿಕ್ಸ್... ಮೊದಲು ದುಡ್ಡು ಯಾವುದಕ್ಕೆ?

ಮಾಜಾಳಿ ಮನೆ

ಎಲ್ಲರಿಗೂ ನಮಸ್ಕಾರ. ಕಾರವಾರ ತಾಲೂಕಿನ ಮಾಜಾಳಿಯಲ್ಲಿ, ಸಮುದ್ರದಿಂದ ಸುಮಾರು 600 ಮೀಟರ್ ದೂರದಲ್ಲಿ ಮನೆ ಕಟ್ಟಿಸುವುದಿದೆ. ಮಹಡಿಯೊಂದಕ್ಕೆ 1400 ಚದರಡಿ. ಈಗ ಕೆಳಗಿನದು ಮಾತ್ರ, ಮೇಲಿನದು ನಾಲ್ಕೈದು ವರ್ಷ ಬಿಟ್ಟು. ಪರವಾನಗಿ ಆಗಿದೆ, ಮಳೆ ಮುಗಿದ ಕೂಡಲೇ ಪಾಯ.

ಗುತ್ತಿಗೆದಾರರ ಲೆಕ್ಕ: ಎಂ20 ಕಾಂಕ್ರೀಟು (ಎಂ ಮುಂದಿನ ಅಂಕಿ ಹೆಚ್ಚಿದಷ್ಟೂ ಗಟ್ಟಿ), ಸೈಟಿನಲ್ಲೇ ಮಿಕ್ಸರ್, ಚಿರೇಕಲ್ಲು ಗೋಡೆ, 5 ಇಂಚು ಸ್ಲ್ಯಾಬು. ಬೆಂಗಳೂರಿನಲ್ಲಿರುವ ಎಂಜಿನಿಯರ್ ಒಬ್ಬರು ಇದೆಲ್ಲ ಹಳೇ ಪದ್ಧತಿ ಅಂತಾರೆ. ಫೈಬರ್ ರಾಡ್ (ಉಕ್ಕಿನ ಬದಲು ಗಾಜಿನ ನಾರಿನ ಸರಳು) ಹಾಕಿ, ಎಎಸಿ ಬ್ಲಾಕ್ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟು ಬ್ಲಾಕ್) ಹಾಕಿ, ರೆಡಿಮಿಕ್ಸ್ (ಪ್ಲಾಂಟಿನಲ್ಲಿ ಕಲಸಿ ಲಾರಿಯಲ್ಲಿ ಬರುವ ಕಾಂಕ್ರೀಟು) ತರಿಸಿ, ಮೇಲಿನ ಮಹಡಿ ಲೈಟ್ ಗೇಜ್ ಸ್ಟೀಲಿನಲ್ಲಿ (ತೆಳು ಉಕ್ಕಿನ ತಗಡಿನ ಚೌಕಟ್ಟಿನಲ್ಲಿ) ಮಾಡಿ ಎನ್ನುತ್ತಾರೆ. ಎಲ್ಲವನ್ನೂ ಮಾಡಿಸುವಷ್ಟು ಬಜೆಟ್ ಇಲ್ಲ. ನಮ್ಮ ಕಡೆ ಹದಿನೈದಿಪ್ಪತ್ತು ವರ್ಷದ ಮನೆಗಳಲ್ಲೇ ಚಜ್ಜಾ ಉದುರಿ ಸರಳು ಹೊರಬಿದ್ದಿರುವುದು ಮಾಮೂಲು. ಹಾಗಾಗಬಾರದು ಅಂದರೆ ಯಾವ ಹೊಸದಕ್ಕೆ ಖರ್ಚು ಮಾಡುವುದು, ಯಾವುದನ್ನು ಬಿಡುವುದು?

ಉಪ್ಪುಗಾಳಿ

ಮೊದಲು ಆ ಎಂ20 ಬಿಡಿಸಿ. ಉಳಿದದ್ದೆಲ್ಲ ಆಮೇಲೆ.

ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456:2000ರಲ್ಲಿ ಕಾಂಕ್ರೀಟು ಎಂಥ ಹವೆಗೆ ಒಡ್ಡಿಕೊಂಡಿದೆ ಎಂದು ನೋಡಿ ದರ್ಜೆ ನಿರ್ಧರಿಸುವ ಕೋಷ್ಟಕವಿದೆ. ಕರಾವಳಿ ಹವೆಗೆ ನೇರ ಒಡ್ಡಿದ ಕಾಂಕ್ರೀಟು ಅದರಲ್ಲಿ 'ತೀವ್ರ' ವರ್ಗಕ್ಕೆ ಬರುತ್ತದೆ. ಆ ವರ್ಗಕ್ಕೆ ಕನಿಷ್ಠ ಎಂ30, ಘನಮೀಟರಿಗೆ ಕನಿಷ್ಠ 320 ಕೆ.ಜಿ. ಸಿಮೆಂಟು, ನೀರು-ಸಿಮೆಂಟು ಅನುಪಾತ 0.45 ಮೀರಬಾರದು, ಸರಳಿನ ಮೇಲಿನ ಕವರ್ (ಸರಳನ್ನು ಮುಚ್ಚುವ ಕಾಂಕ್ರೀಟಿನ ದಪ್ಪ) 45 ಮಿ.ಮೀ. ಉಪ್ಪುಗಾಳಿ ನೇರ ತಾಗದ ಒಳಭಾಗ 'ಮಧ್ಯಮ' ವರ್ಗ: ಎಂ25, ಅನುಪಾತ 0.50, ಕವರ್ 30 ಮಿ.ಮೀ. ಒಂದೇ ಮನೆಗೆ ಎರಡು ದರ್ಜೆ ಕಲಸುವ ಗೊಂದಲ ಬೇಡ. ಇಡೀ ಮನೆಗೆ ಎಂ30 ಮಾಡಿ, ಕವರ್ ಮಾತ್ರ ಜಾಗ ನೋಡಿ ಬದಲಿಸಿ. ಹೊರಗಿನ ಕಾಲಂ, ಚಜ್ಜಾ, ಬಾಲ್ಕನಿ, ಸ್ಲ್ಯಾಬಿನ ಹೊರ ಅಂಚಿಗೆ 45; ಒಳಗಿನ ಸ್ಲ್ಯಾಬಿನ ತಳಕ್ಕೆ 30; ಕಾಲಂ ಎಲ್ಲೇ ಇದ್ದರೂ 40ಕ್ಕಿಂತ ಕಡಿಮೆ ಬೇಡ.

ಕವರಿಗೆ ಇಷ್ಟು ಒತ್ತು ಯಾಕೆ ಅಂದರೆ, ಉಪ್ಪಿನ ಕ್ಲೋರೈಡು ಕಾಂಕ್ರೀಟಿನೊಳಗೆ ನಿಧಾನಕ್ಕೆ ಇಳಿಯುತ್ತದೆ, ಆಳಕ್ಕೆ ಹೋದಷ್ಟೂ ಇನ್ನೂ ನಿಧಾನ. ಕವರ್ ಇಮ್ಮಡಿಯಾದರೆ ಸರಳು ಮುಟ್ಟುವ ಸಮಯ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಸರಳು ತುಕ್ಕು ಹಿಡಿದರೆ ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಚಜ್ಜಾ ಸಿಡಿಯುವುದು ಅದಕ್ಕೇ. ಅಲ್ಲಿ ಕವರ್ ಹತ್ತು ಹದಿನೈದು ಮಿ.ಮೀ. ಇರುವುದೇ ಹೆಚ್ಚು, ಮೇಲೆ ನೀರು ನಿಲ್ಲುತ್ತದೆ, ಕೆಳಗೆ ನೀರು ಕತ್ತರಿಸುವ ಗೀರು ಇರುವುದಿಲ್ಲ. ಚಜ್ಜಾದ ಹೊರ ಅಂಚಿನ ತಳದಲ್ಲಿ 10-12 ಮಿ.ಮೀ. ಗೀರು ಬಿಡಿಸಿ. ಅದರ ಆಳದಷ್ಟು ಕವರ್ ಅಲ್ಲಿ ಕಡಿಮೆಯಾಗುತ್ತದೆ ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ಅಪಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ನಕ್ಷೆಯಲ್ಲಿ 20 ಮಿ.ಮೀ. ಕವರ್ ಹಿಡಿದು 125 ಮಿ.ಮೀ. ಸ್ಲ್ಯಾಬು ಲೆಕ್ಕ ಹಾಕಿರುತ್ತಾರೆ. ಸೈಟಿಗೆ ಬಂದವರು ಯಾರೋ 'ಸಮುದ್ರ ಹತ್ತಿರ, ಕವರ್ ಜಾಸ್ತಿ ಇಡಿ' ಎಂದು 45ರ ಬ್ಲಾಕು ಇಡಿಸಿದರೆ, ಸರಳಿನ ಪರಿಣಾಮಕಾರಿ ಆಳ (ಸ್ಲ್ಯಾಬಿನ ಮೇಲ್ಮೈಯಿಂದ ಸರಳಿನ ನಡುವಿಗೆ ಇರುವ ದೂರ) 100ರಿಂದ 75 ಮಿ.ಮೀ.ಗೆ ಇಳಿಯುತ್ತದೆ. ಸ್ಲ್ಯಾಬಿನ ತಾಕತ್ತು ಕಾಲು ಭಾಗ ಹೋಯಿತು, ಬಾಗುವುದು ಇನ್ನೂ ಹೆಚ್ಚಾಯಿತು. ಆದ್ದರಿಂದ ಕವರ್ ಬದಲಿಸುವುದು ಗವಂಡಿಯ ಕೆಲಸವಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ಹೊಸದಾಗಿ ಲೆಕ್ಕ ಹಾಕಿ ಸ್ಲ್ಯಾಬನ್ನು 150 ಮಿ.ಮೀ. ಮಾಡಬೇಕು. ನಿಮ್ಮ 130 ಚದರ ಮೀಟರಿಗೆ ಇದರಿಂದ ಹೆಚ್ಚಾಗುವುದು ಮೂರೂಕಾಲು ಘನಮೀಟರ್ ಕಾಂಕ್ರೀಟು. ಫೈಬರ್ ರಾಡಿಗೆ ಎತ್ತಿಟ್ಟ ದುಡ್ಡು ಇಲ್ಲಿ ಹಾಕಿ.

ಕವರ್ ಬ್ಲಾಕು ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟಿನದೇ ಇರಲಿ, ಪ್ರತಿ 60-75 ಸೆಂ.ಮೀ.ಗೆ ಒಂದು. ಟೈಲ್ಸ್ ಚೂರು, ಜಲ್ಲಿ ಕಲ್ಲು, ಚಿರೇಕಲ್ಲಿನ ತುಂಡು ಇಟ್ಟರೆ ಅದೇ ನೀರಿಗೆ ದಾರಿ. ಬೈಂಡಿಂಗ್ ತಂತಿಯ ತುದಿಗಳನ್ನು ಒಳಮುಖ ಬಗ್ಗಿಸಬೇಕು. ಸೆಂಟ್ರಿಂಗ್ ಹಲಗೆಗೆ ತಾಗಿದ ತಂತಿ ತುದಿಯಿಂದಲೇ ಮೊದಲ ಕಂದು ಚುಕ್ಕೆ ಶುರು.

ಕಾಂಕ್ರೀಟ್ ಕುಮಟಾ

ಮೇಲಿನವರ ಮಾತು ಸರಿ. ಆದರೆ ಕಾಗದದಲ್ಲಿ ಎಂ30 ಬರೆದ ಮಾತ್ರಕ್ಕೆ ಬುಟ್ಟಿಯಲ್ಲಿ ಎಂ30 ಬರುವುದಿಲ್ಲ. ನಿಮ್ಮ ಸೈಟಿಗೆ ಬೇಕಾದ ದೊಡ್ಡ 'ತಂತ್ರಜ್ಞಾನ' ತೂಕದ ಯಂತ್ರ. ತಮಾಷೆ ಮಾಡುತ್ತಿಲ್ಲ.

ಸೈಟಿನಲ್ಲೇ ಕಲಸುವುದಾದರೆ 300 ಕೆ.ಜಿ. ಡಿಜಿಟಲ್ ತೂಕದ ಪ್ಲಾಟ್‌ಫಾರ್ಮ್, ನೀರಿಗೆ ಗೆರೆ ಹಾಕಿದ ಡಬ್ಬ, ಪಿಸಿಇ ಎನ್ನುವ ಸೂಪರ್ ಪ್ಲಾಸ್ಟಿಸೈಸರ್ (ನೀರು ಹೆಚ್ಚಿಸದೆ ಕಾಂಕ್ರೀಟು ಹರಿಯುವಂತೆ ಮಾಡುವ ರಾಸಾಯನಿಕ), ಈ ಮೂರು ಬೇಕೇ ಬೇಕು. ಸ್ಲ್ಯಾಗ್ ಸಿಮೆಂಟಿನ (ಉಕ್ಕಿನ ಕಾರ್ಖಾನೆಯ ಕಿಟ್ಟದ ಪುಡಿ ಬೆರೆಸಿದ ಸಿಮೆಂಟಿನ) ಒಂದು ಎಂ30 ಮಿಶ್ರಣ ಹೀಗಿರುತ್ತದೆ, ಘನಮೀಟರಿಗೆ: ಸಿಮೆಂಟು 380 ಕೆ.ಜಿ., ನೀರು 165 ಲೀಟರ್, ಎಂ-ಸ್ಯಾಂಡ್ 720, 20 ಮಿ.ಮೀ. ಜಲ್ಲಿ 680, 12 ಮಿ.ಮೀ. ಜಲ್ಲಿ 450, ಪಿಸಿಇ 3 ಕೆ.ಜಿ. ಇದನ್ನು ಒಂದು ಚೀಲ ಸಿಮೆಂಟಿಗೆ ಇಳಿಸಿದರೆ ನೀರು ಸುಮಾರು 22 ಲೀಟರ್, ಮರಳು 95 ಕೆ.ಜಿ., ಜಲ್ಲಿ 90 ಮತ್ತು 60 ಕೆ.ಜಿ., ಪಿಸಿಇ 400 ಗ್ರಾಂ. ಇದು ಅಂದಾಜು ತಿಳಿಯಲು ಮಾತ್ರ. ನಿಮ್ಮ ಮರಳು, ಜಲ್ಲಿ ಹಿಡಿದು ಲ್ಯಾಬಿನಲ್ಲಿ ಮಿಕ್ಸ್ ಡಿಸೈನ್ ಮಾಡಿಸಲೇಬೇಕು.

ಈಗ ತಪ್ಪುವುದು ಎಲ್ಲಿ ನೋಡಿ. ಮರಳಿನ ಮೇಲ್ಮೈಯಲ್ಲಿ 5 ಶೇಕಡಾ ತೇವ ಇದ್ದರೆ ಆ 95 ಕೆ.ಜಿ.ಯಲ್ಲೇ ಐದು ಲೀಟರ್ ಹತ್ತಿರ ನೀರಿದೆ. ಆಗ ಮಿಕ್ಸರಿಗೆ ಹಾಕಬೇಕಾದ್ದು 17 ಲೀಟರ್, ಮರಳು ತೂಗಬೇಕಾದ್ದು 100 ಕೆ.ಜಿ. ಯಾರೂ ಇದನ್ನು ಮಾಡುವುದಿಲ್ಲ. ಮೇಲಾಗಿ 'ಕಾಂಕ್ರೀಟು ಗಟ್ಟಿಯಾಯ್ತು' ಎಂದು ಯಾರೋ ಒಂದು ಹತ್ತು ಲೀಟರ್ ಬಕೆಟ್ ಸುರಿದರೆ ಅನುಪಾತ 0.43ರಿಂದ 0.63ಕ್ಕೆ ಹಾರುತ್ತದೆ. ಅದು ಎಂ30 ಅಲ್ಲ, ಎಂ20ಯೂ ಅನುಮಾನ. ಹರಿಯುವ ಗುಣ ಬೇಕಾದರೆ ಪಿಸಿಇ ಹೆಚ್ಚಿಸಿ, ಅದೂ ತಯಾರಕರು ಹೇಳಿದ ಮಿತಿಯೊಳಗೆ. ಅತಿಯಾದರೆ ಜಲ್ಲಿ ಬೇರೆ, ಸಿಮೆಂಟಿನ ಹಾಲು ಬೇರೆ ಆಗಿ ಸ್ಲ್ಯಾಬಿನ ಅಂಚಿನಿಂದ ಸೋರಿ ಹೋಗುತ್ತದೆ.

ರೆಡಿಮಿಕ್ಸ್ ತರಿಸುವುದಾದರೆ: 150 ಮಿ.ಮೀ. ಸ್ಲ್ಯಾಬಿಗೆ ಸುಮಾರು 20 ಘನಮೀಟರ್, ಬೀಮು ಸೇರಿ 25 ಎಂದು ಹಿಡಿಯಿರಿ. 6 ಘನಮೀಟರಿನ ಲಾರಿ ಆದರೆ ನಾಲ್ಕು ಪೂರ್ತಿ, ಒಂದು ಚಿಲ್ಲರೆ. ಐಎಸ್ 4926ರ ಪ್ರಕಾರ ಲೋಡ್ ಆದ ಎರಡು ಗಂಟೆಯೊಳಗೆ ಮಾಲು ಇಳಿಯಬೇಕು. ಹೆಚ್ಚು ಹೊತ್ತು ಬೇಕಾದರೆ ಗಟ್ಟಿಯಾಗುವುದನ್ನು ತಡಮಾಡುವ ರಾಸಾಯನಿಕವನ್ನು ಪ್ಲಾಂಟಿನಲ್ಲೇ ಹಾಕಿಸಬೇಕು, ಸೈಟಿನಲ್ಲಿ ನೀರು ಹಾಕಿ ಸರಿಮಾಡುವುದಲ್ಲ. ಬ್ಯಾಚ್ ಸ್ಲಿಪ್ಪಿನಲ್ಲಿ ಪ್ರತಿ ಲಾರಿಯ ನೀರು, ಸಿಮೆಂಟು, ಲೋಡಾದ ಸಮಯ ಅಚ್ಚಾಗಿರುತ್ತದೆ. ಸಹಿ ಹಾಕುವ ಮೊದಲು ಓದಿ. ನಿಮ್ಮ ಮನೆ ದಾರಿಗೆ ಲಾರಿ ತಿರುಗುತ್ತದೋ, ಇಲ್ಲ ರಸ್ತೆಯಿಂದ ಪೈಪ್ ಎಳೆದು ಪಂಪ್ ಮಾಡಬೇಕೋ ಎನ್ನುವುದು ಮೊದಲೇ ನೋಡಿಕೊಳ್ಳಿ. ಎಷ್ಟೋ ಕಡೆ ರೆಡಿಮಿಕ್ಸ್ ಬಿಡಲು ಕಾರಣ ದರವಲ್ಲ, ಓಣಿಯ ಅಗಲ. ಅಂಥಲ್ಲಿ ತಾನೇ ಜಲ್ಲಿ ಮರಳು ಎತ್ತಿ ತೂಗಿ ಕಲಸುವ ಸೆಲ್ಫ್ ಲೋಡಿಂಗ್ ಮಿಕ್ಸರ್ ಬಾಡಿಗೆಗೆ ಸಿಗುತ್ತದೋ ವಿಚಾರಿಸಿ. ಸ್ಲ್ಯಾಬಿನ ದಿನಕ್ಕೆ ಅದು ಒಳ್ಳೆಯ ನಡುದಾರಿ.

ರೇತಿಯ ವಿಷಯ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಯಾವುದೇ ಇರಲಿ, ಉಬ್ಬರದ ನೀರು ಏರುವ ಅಳಿವೆ ಕಡೆಯ ರೇತಿಯಲ್ಲಿ ಉಪ್ಪು ಇದ್ದೇ ಇರುತ್ತದೆ. ಸರಳಿರುವ ಕಾಂಕ್ರೀಟಿನಲ್ಲಿ ಒಟ್ಟು ಕ್ಲೋರೈಡು ಘನಮೀಟರಿಗೆ 0.6 ಕೆ.ಜಿ. ಮೀರಬಾರದು. 720 ಕೆ.ಜಿ. ರೇತಿಯಲ್ಲಿ ಬರೀ 0.1 ಶೇಕಡಾ ಉಪ್ಪಿದ್ದರೂ ಕ್ಲೋರೈಡು 0.44 ಕೆ.ಜಿ. ಆಯಿತು. ಗಾಳಿ ಮುಟ್ಟುವ ಮೊದಲೇ ಮುಕ್ಕಾಲು ಪಾಲು ಒಳಗೇ ಬಂದು ಕೂತಂತೆ! ನೀರೂ ಅಷ್ಟೇ. ಬಾವಿ ನೀರಿನ ಕ್ಲೋರೈಡು ಲೀಟರಿಗೆ 500 ಮಿ.ಗ್ರಾಂ. ಒಳಗಿರಬೇಕು. ಮಾಜಾಳಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಬಾವಿ ಸವುಳಾಗುವುದಿದ್ದರೆ ಆಗಿನ ನೀರನ್ನೇ ಪರೀಕ್ಷೆಗೆ ಕಳಿಸಿ, ಅಕ್ಟೋಬರಿನ ನೀರನ್ನಲ್ಲ. ಕ್ಯೂರಿಂಗಿಗೂ (ಹಾಕಿದ ಕಾಂಕ್ರೀಟನ್ನು ಒದ್ದೆಯಾಗಿಡುವುದಕ್ಕೂ) ಸವುಳು ನೀರು ಬೇಡ.

ಮಾಜಾಳಿ ಮನೆ

ಇಬ್ಬರಿಗೂ ಧನ್ಯವಾದ. ಸ್ಲ್ಯಾಬು ಲೆಕ್ಕ ಮತ್ತೆ ಮಾಡಿಸುತ್ತೇನೆ. ಸ್ಲ್ಯಾಗ್ ಸಿಮೆಂಟು ಅಂದಿರಿ, ಗುತ್ತಿಗೆದಾರರು 'ಅದು ಬೇಗ ಹಿಡಿಯಲ್ಲ, ಓಪಿಸಿ 53 ಹಾಕುವಾ' ಎನ್ನುತ್ತಾರೆ (ಓಪಿಸಿ ಅಂದರೆ ಏನೂ ಬೆರೆಸದ ಮಾಮೂಲು ಸಿಮೆಂಟು). ಮತ್ತೆ ಫೈಬರ್ ರಾಡ್ ತುಕ್ಕೇ ಹಿಡಿಯದು ಅಂದ ಮೇಲೆ ಕವರ್ ಚಿಂತೆಯೇ ಇರುವುದಿಲ್ಲವಲ್ಲ?

ಉಪ್ಪುಗಾಳಿ

ಗುತ್ತಿಗೆದಾರರು ಸುಳ್ಳು ಹೇಳುತ್ತಿಲ್ಲ, ಸ್ಲ್ಯಾಗ್ ಸಿಮೆಂಟು ಏಳು ದಿನದ ತಾಕತ್ತಿನಲ್ಲಿ ಹಿಂದೆಯೇ. ಆದರೆ ಕ್ಲೋರೈಡು ತಡೆಯುವುದರಲ್ಲಿ ಓಪಿಸಿ ಅದರ ಹತ್ತಿರ ಸುಳಿಯುವುದಿಲ್ಲ: ರಂಧ್ರಗಳು ಸಣ್ಣವಾಗುತ್ತವೆ, ಒಂದಷ್ಟು ಕ್ಲೋರೈಡು ಅದರಲ್ಲೇ ಬಂಧಿಯಾಗುತ್ತದೆ. ಸ್ಲ್ಯಾಗ್ ಉಕ್ಕಿನ ಕಾರ್ಖಾನೆಯ ಉಪವಸ್ತು. ಬಳ್ಳಾರಿಯ ತೋರಣಗಲ್ಲಿನಲ್ಲೇ ದೊಡ್ಡ ಉಕ್ಕಿನ ಕಾರ್ಖಾನೆ ಇರುವುದರಿಂದ ನಮ್ಮ ರಾಜ್ಯದಲ್ಲಿ ಅದು ಅಪರೂಪದ ಮಾಲೇನಲ್ಲ. ಬೆಲೆ ತೆರಬೇಕಾದ್ದು ಸಮಯದಲ್ಲಿ. ಐಎಸ್ 456ರಲ್ಲಿ ಓಪಿಸಿಗೆ 7 ದಿನ ಕ್ಯೂರಿಂಗ್ ಇದ್ದರೆ ಇಂಥ ಸಿಮೆಂಟಿಗೆ 10, ಸಾಧ್ಯವಾದರೆ 14. ನಾನಂತೂ 14ಕ್ಕಿಂತ ಕಡಿಮೆ ಮಾಡುವುದಿಲ್ಲ ಎಂದೇ ಕರಾರಿನಲ್ಲಿ ಬರೆಸಿ ಎನ್ನುತ್ತೇನೆ. ಸ್ಲ್ಯಾಬಿನ ಗೂಟ ತೆಗೆಯಲು ಅದರಲ್ಲಿ ಹೇಳಿದ ದಿನಗಳು (4.5 ಮೀ. ಒಳಗಿನ ಸ್ಲ್ಯಾಬಿಗೆ 7, ಅದಕ್ಕಿಂತ ಹೆಚ್ಚಿಗೆ 14, 6 ಮೀ. ಮೀರಿದ ಬೀಮಿಗೆ 21) ಓಪಿಸಿ ಲೆಕ್ಕ. ಸ್ಲ್ಯಾಗಿಗೆ ಇನ್ನಷ್ಟು ತಡೆಯಿರಿ. ಕಾಲಂ ಕ್ಯೂರಿಂಗಿಗೆ ದಿನಕ್ಕೆರಡು ಸಲ ಪೈಪಿನಲ್ಲಿ ನೀರು ಹೊಡೆಯುವುದು ಬರೀ ಶಾಸ್ತ್ರ. ಒದ್ದೆ ಗೋಣಿ ಸುತ್ತಿ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿಸಿ.

ಫೈಬರ್ ರಾಡ್ (ಗಾಜಿನ ನಾರು, ರಾಳ) ತುಕ್ಕು ಹಿಡಿಯದು, ನಿಜ. ತೂಕ ಉಕ್ಕಿನ ಕಾಲು ಭಾಗ, ಎಳೆತದ ತಾಕತ್ತು ಹೆಚ್ಚು, ಅದೂ ನಿಜ. ಮಾರುವವರು ಅಲ್ಲಿಗೆ ನಿಲ್ಲಿಸುತ್ತಾರೆ. ಬಿಗಿತ ಉಕ್ಕಿನ ಕಾಲು ಭಾಗದಷ್ಟೇ, ಆದ್ದರಿಂದ '12ರ ಉಕ್ಕಿನ ಬದಲು 10ರ ಫೈಬರ್ ಸಾಕು' ಎಂದು ಹಾಕಿದರೆ ಸ್ಲ್ಯಾಬು ಜೋತು ಬಿರುಕು ಬಿಡುತ್ತದೆ. ಉಕ್ಕು ಮುರಿಯುವ ಮೊದಲು ಎಳೆದುಕೊಂಡು ಎಚ್ಚರಿಕೆ ಕೊಡುತ್ತದೆ, ಇದು ಕೊಡದೆ ತುಂಡಾಗುತ್ತದೆ. ಸೈಟಿನಲ್ಲಿ ಬಗ್ಗಿಸಲು ಬರುವುದಿಲ್ಲ, ರಿಂಗ್‌ಗಳನ್ನು ಕಾರ್ಖಾನೆಯಲ್ಲೇ ಬಗ್ಗಿಸಿ ತರಬೇಕು. ಬೆಂಕಿಗೆ ರಾಳ ಮೆತ್ತಗಾಗುತ್ತದೆ. ಮನೆಯ ಕಾಲಂ ಬೀಮಿಗೆ ನನ್ನ ಮತ ಇಲ್ಲ.

ಹೊಸ ಸರಳು

ಫೈಬರನ್ನು ಪೂರ್ತಿ ಹೊರಗೆ ಹಾಕಬೇಡಿ. ನೆಲದ ಮೇಲೆ ಕೂರುವ ಕಾಂಕ್ರೀಟಿಗೆ, ಅಂದರೆ ಅಂಗಳ, ಕಾರು ನಿಲ್ಲಿಸುವ ಜಾಗ, ಗಟಾರದ ಮುಚ್ಚಳ, ಕಂಪೌಂಡಿನ ಪ್ರಿಕಾಸ್ಟ್ ಹಲಗೆಗೆ ಅದು ಚೆನ್ನಾಗಿ ಒಗ್ಗುತ್ತದೆ. ಅಲ್ಲಿ ಮುರಿದರೂ ಯಾರ ತಲೆ ಮೇಲೂ ಬೀಳುವುದಿಲ್ಲ, ಉಕ್ಕಿಗಾದರೆ ಮೊದಲು ತುಕ್ಕು ಬರುವುದೂ ಅಲ್ಲೇ. ಆದರೆ ಎಂಜಿನಿಯರ್ ಫೈಬರಿಗೇ ಬೇರೆ ಲೆಕ್ಕ ಮಾಡಿರಬೇಕು, ಉಕ್ಕಿನ ನಕ್ಷೆಯಲ್ಲಿ ಅದನ್ನು ತಂದು ತುಂಬುವುದಲ್ಲ.

ಎಪಾಕ್ಸಿ ಬಳಿದ ಹಸಿರು ಸರಳಿನ ಬಗ್ಗೆಯೂ ಯಾರಾದರೂ ಹೇಳಿಯಾರು. ಲೇಪ ಪೂರ್ತಿ ಇದ್ದರೆ ಒಳ್ಳೆಯದು. ನೆಲದ ಮೇಲೆ ಎಳೆದು, ಬಗ್ಗಿಸುವಾಗ ಗೀಚಿ, ಕತ್ತರಿಸಿದ ತುದಿಗೆ ಬಳಿಯದೆ ಬಿಟ್ಟರೆ ತುಕ್ಕೆಲ್ಲ ಆ ಗಾಯದಲ್ಲೇ ಸೇರಿ ಆಳಕ್ಕೆ ಕೊರೆಯುತ್ತದೆ. ನಮ್ಮ ಕಡೆ ಸರಳು ಇಳಿಸುವ ರೀತಿ ನೋಡಿದರೆ, ಮಾಮೂಲು ಎಫ್‌ಇ 500ಡಿ ಸರಳಿಗೆ ಒಳ್ಳೆ ಕವರ್ ಕೊಡುವುದೇ ವಾಸಿ.

ಒಂದು ಪ್ರಶ್ನೆ ನೀವು ಕೇಳಲೇ ಇಲ್ಲ: ಮೇಲಿನ ಮಹಡಿಗೆಂದು ಬಿಡುವ ಕಾಲಂ ಸರಳು. ನಾಲ್ಕೈದು ಮಳೆಗಾಲ ಉಪ್ಪುಗಾಳಿಯಲ್ಲಿ ನಿಂತರೆ ಹಕ್ಕಳೆ ಏಳುತ್ತದೆ, ಬುಡದಲ್ಲಿ ನೀರು ಇಳಿದು ಕಾಲಂ ತಲೆ ಸೀಳುತ್ತದೆ. ಇಲ್ಲಿ ಹೊಸ ತಂತ್ರಜ್ಞಾನ ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಅದು ಕಪ್ಲರ್: ಎರಡು ಸರಳಿನ ತುದಿಗಳನ್ನು ತಿರುಗಿಸಿ ಜೋಡಿಸುವ ಉಕ್ಕಿನ ಗಿಡ್ಡ ಕೊಳವೆ. ಸರಳಿನ ತುದಿಗೆ ಕಾರ್ಖಾನೆಯಲ್ಲಿ ಮರೆ (ಸ್ಕ್ರೂವಿನಂಥ ಸುತ್ತು ಗೆರೆ) ಕೊರೆಸಿ, ಕಪ್ಲರ್ ಸ್ಲ್ಯಾಬಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ನಿಲ್ಲುವಂತೆ ಮಾಡಿ. ಒಳಗೆ ಗ್ರೀಸ್, ಮೇಲೆ ಪ್ಲಾಸ್ಟಿಕ್ ಮುಚ್ಚಳ, ಅದರ ಸುತ್ತ ತೆಳು ಕಾಂಕ್ರೀಟಿನ ಗುಡ್ಡೆ. ಮುಂದೆ ಗುಡ್ಡೆ ಒಡೆದು ಹೊಸ ಸರಳು ತಿರುಗಿಸುವುದು. ಎಲ್ಲ ಸರಳಿಗೂ ಒಂದೇ ಮಟ್ಟದಲ್ಲಿ ಜೋಡಣೆ ಬರುವುದರಿಂದ ಎಂಜಿನಿಯರ್ ಒಪ್ಪಿಗೆ ಬೇಕು. ಕಪ್ಲರಿನ ಎಳೆತ ಪರೀಕ್ಷೆಯ ವರದಿಯನ್ನೂ ಕೇಳಿ.

ಘಟ್ಟದ ಮೇಲೆ

ಶಿರಸಿ ಕಡೆಯಿಂದ. ಗೋಡೆ ವಿಷಯ ಯಾರೂ ಮುಟ್ಟಲಿಲ್ಲ ಅಂತ ಬರೆಯುತ್ತಿದ್ದೇನೆ. ಅದಕ್ಕೂ ಮೊದಲು ಒಂದು ಮಾತು: ಐಎಸ್ 456ರ ಆ 'ತೀವ್ರ' ವರ್ಗದಲ್ಲಿ ಜೋರು ಮಳೆಗೆ ಒಡ್ಡಿದ, ನೆನೆದು ಒಣಗುವ ಕಾಂಕ್ರೀಟೂ ಸೇರಿದೆ. ಹಾಗಾಗಿ ದೇವಿಮನೆ ಘಟ್ಟ ಹತ್ತಿದ ಕೂಡಲೇ ಎಂ20 ಸಾಕು ಅನ್ನುವುದು ನಮ್ಮವರ ಭ್ರಮೆ.

ಎಎಸಿ ಬ್ಲಾಕಿನ ತೂಕ ಘನಮೀಟರಿಗೆ 600 ಕೆ.ಜಿ. ಆಸುಪಾಸು, ಚಿರೇಕಲ್ಲಿಗೆ ಅದರ ಮೂರು ಪಟ್ಟಿಗೂ ಮೇಲೆ. ಬೆಂಗಳೂರಿನ ಹತ್ತು ಮಹಡಿಗೆ ಆ ಉಳಿತಾಯ ದೊಡ್ಡದು, ನಿಮ್ಮ ಎರಡು ಮಹಡಿಗೆ ಅಷ್ಟೇನಲ್ಲ. ಎಎಸಿ ನೀರು ಹೀರುತ್ತದೆ. ವರ್ಷಕ್ಕೆ 3000 ಮಿ.ಮೀ. ದಾಟುವ, ಗಾಳಿಯ ಜೊತೆ ಅಡ್ಡ ಹೊಡೆಯುವ ಮಳೆಯಲ್ಲಿ ಹೊರ ಪ್ಲಾಸ್ಟರಿನ ಕೂದಲೆಳೆ ಬಿರುಕೂ ಒಳಗೋಡೆಯಲ್ಲಿ ಕಲೆಯಾಗಿ ಕಾಣುತ್ತದೆ. ಹಾಕುವುದೇ ಆದರೆ ಹೊರಗೆ 200 ಮಿ.ಮೀ., 3 ಮಿ.ಮೀ. ಅಂಟಿನ ಸಂದು, ಬೀಮು-ಕಾಲಂ ಕೂಡುವಲ್ಲಿ ನಾರಿನ ಜಾಲರಿ (ಕೋಳಿ ಜಾಲರಿ ಅಲ್ಲ, ಅದು ಇಲ್ಲಿ ತುಕ್ಕು ಹಿಡಿಯುತ್ತದೆ), ಪ್ಲಾಸ್ಟರಿಗೆ ಮೊದಲು ತುಸು ನೀರು ಚಿಮುಕಿಸಿ, ನೆನೆಹಾಕಬೇಡಿ. ನೆನೆದ ಬ್ಲಾಕು ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ.

ನನ್ನ ಮತ ಚಿರೇಕಲ್ಲಿಗೇ, ಆದರೆ ಯಂತ್ರದಲ್ಲಿ ಕೊಯ್ದದ್ದು. ಕೈಯಲ್ಲಿ ಕೆತ್ತಿದ ಕಲ್ಲಿಗೆ 20-25 ಮಿ.ಮೀ. ಗಾರೆ ಸಂದು ಬೇಕಾಗುತ್ತದೆ, ಅಳತೆ ಸರಿಯಿದ್ದರೆ 8-10ರಲ್ಲಿ ಮುಗಿಯುತ್ತದೆ. ಸಿಮೆಂಟು, ಪ್ಲಾಸ್ಟರ್ ಎರಡೂ ಉಳಿತಾಯ. ಚಿರೇಕಲ್ಲಿನ ಮಾನಕ ಐಎಸ್ 3620 ಕೇಳುವುದು ಚದರ ಮಿ.ಮೀ.ಗೆ ಕನಿಷ್ಠ 3.5 ನ್ಯೂಟನ್ ತಾಕತ್ತು, ನೀರು ಹೀರುವುದು 12 ಶೇಕಡಾ ಒಳಗೆ. ಹೊಸ ಕಲ್ಲು ಗಣಿಯಿಂದ ಬಂದ ಕೂಡಲೇ ಕಟ್ಟಬೇಡಿ, ಗಾಳಿಗೆ ಗಟ್ಟಿಯಾಗಲಿ. ಬಿಳಿ ಜೇಡಿಯ ಗೂಡುಗಳಿರುವ ಕಲ್ಲು ಬೇರ್ಪಡಿಸಿ, ಮಳೆಗೆ ಅದು ಕರಗಿ ತೂತಾಗುತ್ತದೆ.

ಲೈಟ್ ಗೇಜ್ ಸ್ಟೀಲಿನ ಬಗ್ಗೆ. ಸಾಮಾನ್ಯವಾಗಿ ಕೊಡುವ ಝಡ್275 ಲೇಪ ಅಂದರೆ ಎರಡೂ ಮುಖ ಸೇರಿ ಚದರ ಮೀಟರಿಗೆ 275 ಗ್ರಾಂ ಸತು. ಒಂದು ಮುಖಕ್ಕೆ 20 ಮೈಕ್ರಾನಿನಷ್ಟೇ. ಕಡಲ ಹವೆಯಲ್ಲಿ ಸತು ವರ್ಷಕ್ಕೆ 2ರಿಂದ 4 ಮೈಕ್ರಾನ್ ಸವೆಯುತ್ತದೆ, ಅಲೆಯ ಸಿಂಪರಣೆ ತಾಗುವಲ್ಲಿ ಇನ್ನೂ ಹೆಚ್ಚು. ಗೋಡೆಯೊಳಗೆ ಒಣಗಿದ್ದರೆ ಚಿಂತೆಯಿಲ್ಲ. ಹೊರಗೆ ಕಂಡರೆ ಐದರಿಂದ ಹತ್ತು ವರ್ಷದ ಮಾತು. ಕೊರೆದ ತೂತು, ಸ್ಕ್ರೂ ತಲೆಯಲ್ಲಿ ಅದಕ್ಕೂ ಮೊದಲು. ಇನ್ನು 3ಡಿ ಪ್ರಿಂಟಿಂಗ್ ಯಾರಾದರೂ ಎತ್ತಿದರೆ: ಬೆಂಗಳೂರಿನ ಕೇಂಬ್ರಿಡ್ಜ್ ಲೇಔಟಿನಲ್ಲಿ 2023ರ ಆಗಸ್ಟಿನಲ್ಲಿ ಉದ್ಘಾಟನೆಯಾದ 1,021 ಚದರಡಿ ಅಂಚೆ ಕಚೇರಿ ಹಾಗೆ ಕಟ್ಟಿದ್ದು. ಆದರೆ ಒಂದು ಮನೆಗೆಂದು ಆ ಯಂತ್ರವನ್ನು ಮಾಜಾಳಿಗೆ ತರುವ ಲೆಕ್ಕ ಕೂಡುವುದಿಲ್ಲ.

ಕಾಂಕ್ರೀಟ್ ಕುಮಟಾ

ಹೊಸ ಪದ್ಧತಿ ಬಗ್ಗೆ ಅಷ್ಟೊಂದು ದೂರ ಹೋಗಬೇಕಿಲ್ಲ, ನಿಮ್ಮ ತಾಲೂಕಿನಲ್ಲೇ ಕೈಗಾ ಅಣುಸ್ಥಾವರ ಇದೆ. 1994ರಲ್ಲಿ ಕಟ್ಟುತ್ತಿದ್ದ ಒಳಗುಮ್ಮಟದ ಪದರ ಕಳಚಿ ಬಿದ್ದ ಮೇಲೆ ಮತ್ತೆ ಕಟ್ಟಿದ್ದು ಸಿಲಿಕಾ ಫ್ಯೂಮ್ (ಸಿಲಿಕಾದ ಅತಿ ನುಣುಪು ಪುಡಿ) ಸೇರಿಸಿದ ಎಂ60 ಕಾಂಕ್ರೀಟಿನಲ್ಲಿ. ಮನೆಗೆ ಅಷ್ಟೆಲ್ಲ ಬೇಡ, ಸ್ಲ್ಯಾಗ್ ಸಾಕು.

ಮಾಜಾಳಿ ಮನೆ

ತುಂಬಾ ಸ್ಪಷ್ಟವಾಯಿತು. ಕಪ್ಲರ್ ವಿಷಯ ನಕ್ಷೆ ಮಾಡುವವರ ಗಮನಕ್ಕೆ ತರುತ್ತೇನೆ. ಕೊನೆಯದಾಗಿ, ಸ್ಲ್ಯಾಬು ಹಾಕುವ ದಿನ ಮನೆಯವರು ನಿಂತು ನೋಡಬೇಕಾದ್ದು ಏನೇನು?

ಉಪ್ಪುಗಾಳಿ

ಹಿಂದಿನ ಸಂಜೆಯೇ ಹೋಗಿ. ಟೇಪು ಹಿಡಿದು ಕವರ್ ಅಳೆಯಿರಿ, ಮೇಲಿನ ಸರಳಿಗೆ ಕುರ್ಚಿ (ಅದನ್ನು ಎತ್ತಿ ಹಿಡಿಯುವ ಬಗ್ಗಿಸಿದ ಸರಳಿನ ಕಾಲು) ಇದೆಯೇ ನೋಡಿ. ಇಲ್ಲದಿದ್ದರೆ ಜನ ತುಳಿದು ಅದು ತಳಕ್ಕೆ ಇಳಿಯುತ್ತದೆ, ಬಾಲ್ಕನಿ ಬೀಳುವುದು ಹೀಗೇ. ಶೌಚಾಲಯ, ಮಳೆನೀರಿನ ಪೈಪು ಬೀಮು ದಾಟುವ ಕಡೆ ತೋಳು ಕೊಳವೆ (ಪೈಪು ತೂರಿಸಲು ಸ್ವಲ್ಪ ದೊಡ್ಡ ಪೈಪಿನ ತುಂಡು) ಮೊದಲೇ ಇಡಿಸಿ. ಆಮೇಲೆ ಕೋರ್ ಹೊಡೆದರೆ (ಯಂತ್ರದಲ್ಲಿ ತೂತು ಕೊರೆದರೆ) ಸರಳು ಕತ್ತರಿಸುತ್ತದೆ, ಉಪ್ಪಿಗೂ ಬಾಗಿಲು ತೆರೆಯುತ್ತದೆ.

ಆ ದಿನ: ವೈಬ್ರೇಟರ್ ಎರಡು, ಒಂದು ಕೆಟ್ಟರೆ ಇನ್ನೊಂದು, ಜೊತೆಗೆ 40 ಮಿ.ಮೀ. ಸೂಜಿ. 30-35 ಸೆಂ.ಮೀ.ಗೆ ಒಂದು ಸಲ ನೆಟ್ಟಗೆ ಇಳಿಸಿ, ಗುಳ್ಳೆ ನಿಂತ ಮೇಲೆ ನಿಧಾನಕ್ಕೆ ಮೇಲೆತ್ತಬೇಕು. ಕಾಂಕ್ರೀಟನ್ನು ಸೂಜಿಯಿಂದ ತಳ್ಳುತ್ತಾ ಹೋಗುವುದು ಬೇಡ. ಪ್ರತಿ ಲಾರಿಗೂ ಸ್ಲಂಪ್ (ಅಚ್ಚು ತೆಗೆದಾಗ ಹಸಿ ಕಾಂಕ್ರೀಟು ಎಷ್ಟು ಕುಸಿಯುತ್ತದೆ ಎನ್ನುವ ಅಳತೆ) ನೋಡಿ, ಪಂಪಿಗೆ 100-120 ಮಿ.ಮೀ. ಸಾಕು. 25 ಘನಮೀಟರಿಗೆ ಮೂರು ಮಾದರಿ, ಮಾದರಿಗೆ ಮೂರು ಕ್ಯೂಬು (ಒಡೆದು ತಾಕತ್ತು ನೋಡಲು ಎರೆಯುವ ಕಾಂಕ್ರೀಟು ಘನ). ಏಳನೇ ದಿನಕ್ಕೂ ಒಡೆದು ನೋಡುವುದಿದ್ದರೆ ಇನ್ನಷ್ಟು ಎರೆಸಿ. ಕ್ಯೂಬು ಲಾರಿ ಬಾಯಿಂದಲ್ಲ, ಪಂಪಿನ ತುದಿಯಿಂದ ತೆಗೆಯಲಿ.

ಕಾಂಕ್ರೀಟು ಗಟ್ಟಿಯಾದ ಮೇಲೆ ಕವರ್ ಮೀಟರ್ (ಒಡೆಯದೆಯೇ ಕವರ್ ಅಳೆಯುವ ಉಪಕರಣ) ಇರುವ ಲ್ಯಾಬಿನವರನ್ನು ಅರ್ಧ ದಿನಕ್ಕೆ ಕರೆಸಿ, ಪ್ಲಾಸ್ಟರ್ ಮಾಡುವ ಮುಂಚೆ. ಗುತ್ತಿಗೆದಾರರ ಒಂದು ಕಂತನ್ನು ಆ ವರದಿ ಬಂದ ಮೇಲೆ ಕೊಡುವುದು ಎಂದು ಈಗಲೇ ಕರಾರಿನಲ್ಲಿ ಬರೆಸಿ. ಮೀಟರ್ ಬರುತ್ತದೆ ಎಂದು ಗೊತ್ತಿದ್ದರೆ ಕವರ್ ಬ್ಲಾಕು ಯಾರೂ ಹೇಳದೆಯೇ ಸರಿಯಾಗಿ ಕೂರುತ್ತದೆ.